ದತ್ತು ಮಕ್ಕಳ ಕಾಗದ ಸುಡಬೇಡಿ, ಕಾದಿಡಿ

ಮಾನ್ಯರೇ,

ದತ್ತು ಮಕ್ಕಳಿಗೆ ಹೆತ್ತವರ ವಿಚಾರ ತಿಳಿಸಲೇಬಾರದು, ಹಳೆ ಕಾಗದಪತ್ರ ಇದ್ದರೆ ಸುಟ್ಟುಬಿಡುವುದೇ ಒಳ್ಳೆಯದು ಎಂದು ಬೀದರಿನ ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಹೆತ್ತವರನ್ನು ಹುಡುಕಿಕೊಂಡು ಹೋಗುವುದು ಸಾಕಿದವರಿಗೆ ಮಾಡುವ ದ್ರೋಹ ಎಂಬ ಮಾತೂ ಅದರಲ್ಲಿತ್ತು. ಅವರ ಕಳಕಳಿ ಅರ್ಥವಾಗುತ್ತದೆ, ಆದರೆ ಮಾತು ಒಪ್ಪಲಾರೆ. ನಾನೇ ದತ್ತು ಮಗ. ಹುಡುಕಿಕೊಂಡು ಹೋದವನು. ಹುಡುಕು ಎಂದು ಕಾಗದ ಕೈಗಿಟ್ಟವರು ನನ್ನ ಅಪ್ಪ-ಅವ್ವನೇ.

ನಾನು ಹುಟ್ಟಿದ್ದು 1966ರಲ್ಲಿ, ಸ್ಕಾಟ್ಲೆಂಡಿನ ಡಂಡಿ ಎಂಬ ಊರಲ್ಲಿ. ಅಪ್ಪ-ಅವ್ವ ಇಬ್ಬರೂ ಅಲ್ಲಿ ಡಾಕ್ಟರಾಗಿದ್ದರು. ಆಗ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಮ್ಮ ದೇಶದ ಡಾಕ್ಟರುಗಳು ಬಹಳ ಇದ್ದರು. ಇವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಹೆತ್ತವಳು ಆ ಊರಿನವಳು, ಮದುವೆಯಾಗಿರಲಿಲ್ಲ. ತಂದೆ ನಮ್ಮ ಕಡೆಯಿಂದ ಹೋದ ಯಾರೋ. ಮೈಬಣ್ಣ ಬೇರೆ ಇದ್ದ ಮಕ್ಕಳನ್ನು ಆಗ ಅಲ್ಲಿ ಸುಲಭಕ್ಕೆ ಯಾರೂ ತಗೊಳ್ಳುತ್ತಿರಲಿಲ್ಲವಂತೆ. ಇವರು ತಗೊಂಡರು. 1971ರಲ್ಲಿ ಆಗಿನ ಗುಲ್ಬರ್ಗಕ್ಕೆ ವಾಪಸ್ ಬಂದೆವು. ಅಂದಿನಿಂದ ನಾನು ಇಲ್ಲಿಯವನೇ. ಇಲ್ಲೇ ಓದಿದೆ, ಇಲ್ಲೇ ವಕೀಲನಾದೆ. ಮನೆದೇವರು ಮೈಲಾಪುರದ ಮಲ್ಲಯ್ಯ. ಬೆಕ್ಕಿನ ಕಣ್ಣು ಒಂದು ಬಿಟ್ಟರೆ ಯಾರಿಗೂ ಗುರುತು ಹತ್ತುವುದಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವ್ವ ಎಲ್ಲವನ್ನೂ ಹೇಳಿದಳು. ಅಪ್ಪ ಟ್ರಂಕಿನಿಂದ ಒಂದು ಲಕೋಟೆ ತೆಗೆದು, "ಇಟ್ಕೋಪ, ಇದು ನಿಂದೇ ಅದ. ಬೇಕನಿಸಿದಾಗ ನೋಡು" ಅಂದರು. ಒಳಗಿದ್ದದ್ದು ಅಲ್ಲಿನ ಶೆರಿಫ್ ಕೋರ್ಟಿನ ಆದೇಶದ ಮೇಲೆ ಕೊಟ್ಟ ದತ್ತು ನೋಂದಣಿಯ ಪ್ರತಿ. ಅದರಲ್ಲಿ ಅಪ್ಪ-ಅವ್ವನ ಹೆಸರಿತ್ತು, ನನ್ನ ಈಗಿನ ಹೆಸರಿತ್ತು. ಹೆತ್ತವಳ ಹೆಸರಿರಲಿಲ್ಲ. ವರ್ಷಗಟ್ಟಲೆ ಅದನ್ನು ಬೀರುವಿನಲ್ಲಿಟ್ಟು ಸುಮ್ನೆ ಇದ್ದೆ. ಮಗಳ ಹೆರಿಗೆ ಹೊತ್ತಿನಲ್ಲಿ ಡಾಕ್ಟರಮ್ಮ "ನಿಮ್ಮ ತಂದೆ ಮನೆ ಕಡೆ ಯಾರಿಗಾದರೂ ಶುಗರ್, ರಕ್ತದ ಕಾಯಿಲೆ ಇತ್ತಾ?" ಎಂದು ಕೇಳಿದಾಗ ಮಗಳು ನನ್ನ ಮುಖ ನೋಡಿದಳು. ಆಗ ಲಕೋಟೆ ಹೊರಗೆ ಬಂತು.

ಸ್ಕಾಟ್ಲೆಂಡಿನವರ ಒಂದು ವಿಷಯ ಮೆಚ್ಚಬೇಕು. ಅಲ್ಲಿ ದತ್ತು ಕಾನೂನು ಬಂದದ್ದು 1930ರಲ್ಲಿ. ಮೊದಲ ದಿನದಿಂದಲೇ, ದತ್ತು ಹೋದವರು 17 ತುಂಬಿದ ಮೇಲೆ ತಮ್ಮ ಮೂಲ ಜನನ ದಾಖಲೆ ನೋಡಬಹುದು ಎಂದು ಅದರಲ್ಲಿ ಬರೆದಿದ್ದರು. ಈಗ ಅದು 16. ಪಕ್ಕದ ಇಂಗ್ಲೆಂಡಿನವರಿಗೆ ಈ ಬುದ್ಧಿ ಬಂದದ್ದು 1975ರ ಕಾನೂನಿನಲ್ಲಿ. ಕೋರ್ಟಿನ ದತ್ತು ಫೈಲನ್ನು ಅಲ್ಲಿ 100 ವರ್ಷ ಮುಚ್ಚಿಡುತ್ತಾರೆ. ಬೇರೆ ಯಾರೂ ತೆರೆಯುವ ಹಾಗಿಲ್ಲ, ಆ ಮಗು ದೊಡ್ಡದಾಗಿ ಬಂದು ಕೇಳಿದರೆ ತೆರೆಯುತ್ತಾರೆ. ಊರಿಗೆ ಗುಟ್ಟು, ಮಗುವಿಗೆ ಗುಟ್ಟಲ್ಲ. ನನ್ನ ವಕೀಲಿ ಅನುಭವದಲ್ಲಿ ಇಷ್ಟು ನೇರವಾಗಿ ಬರೆದ ಕಾನೂನು ಜಾಸ್ತಿ ಕಂಡಿಲ್ಲ.

ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಕಚೇರಿಗೆ ಬರೆದೆ. ಪಾಸ್‌ಪೋರ್ಟ್ ಪ್ರತಿ, ಅಪ್ಪ ಕೊಟ್ಟ ಕಾಗದ, ಎಲ್ಲ ಲಗತ್ತಿಸಿದೆ. ಬಂದ ಉತ್ತರವನ್ನು ಅವ್ವನ ಮುಂದೆಯೇ ಒಡೆದೆ. ಹೆತ್ತವಳ ಹೆಸರು, ಅವಳ ಕೆಲಸ, ಮದುವೆಯಾಗದ ಬಸುರಿಯರನ್ನು ಇಡುತ್ತಿದ್ದ ಒಂದು ಮನೆಯ ವಿಳಾಸ. ತಂದೆಯ ಜಾಗ ಖಾಲಿ. ಮಾಹಿತಿ ಕೊಟ್ಟವರು ಯಾರು ಎಂಬಲ್ಲಿ ಅವಳದೇ ಹೆಸರು. ಅಲ್ಲಿ 21 ದಿನದೊಳಗೆ ನೋಂದಣಿ ಮಾಡಿಸಬೇಕು. ಹಸಿ ಬಾಣಂತಿ ತಾನೇ ಕಚೇರಿಗೆ ಹೋಗಿ ಬರೆಸಿ ಬಂದಿದ್ದಳು. ಅವ್ವ ಕನ್ನಡಕ ಹಾಕಿಕೊಂಡು ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಒಂದು ಕಡೆ ಬೆರಳು ನಿಂತಿತು. "ಹುಟ್ಟಿದ ವ್ಯಾಳ್ಯಾ ಸೈತ ಬರ್ದಾರ ನೋಡೋ!" ಅಂದಳು.

ಹೌದು, ಸ್ಕಾಟ್ಲೆಂಡಿನಲ್ಲಿ ಪ್ರತಿ ಮಗು ಹುಟ್ಟಿದ ಗಂಟೆ, ನಿಮಿಷ ಬರೆಯುತ್ತಾರೆ. ನನ್ನ ಮದುವೆ ಹೊತ್ತಿನಲ್ಲಿ ಅಯ್ಯನವರು ಜನ್ಮವೇಳೆ ಕೇಳಿದಾಗ ಅವ್ವ ಬಾಯಿಗೆ ಬಂದ ಒಂದು ವೇಳೆ ಹೇಳಿದ್ದಳು. ಜಾತಕ ಅದರ ಮೇಲೇ ಆಗಿತ್ತು, ಹೊಂದಾಣಿಕೆಯೂ ಅಮೋಘವಾಗಿ ಬಂದಿತ್ತು. ಈಗ ನೋಡಿದರೆ ಅರ್ಧ ದಿನದ ಫರಕು! ಅವ್ವ ಎಷ್ಟು ನಕ್ಕಳೆಂದರೆ ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ದ್ರೋಹ ಎನ್ನುವವರು ಆ ನಗು ಕೇಳಬೇಕಿತ್ತು.

ಮುಂದಿನ ಹುಡುಕಾಟ ನನ್ನ ವೃತ್ತಿಗೆ ಒಗ್ಗುವಂಥದ್ದೇ, ಕಾಗದದ ಹಿಂದೆ ಕಾಗದ. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ-ಮರಣ-ಮದುವೆ ನೋಂದಣಿ ಶುರುವಾದದ್ದು 1855ರ ಜನವರಿ 1ಕ್ಕೆ. ಅವರ ಮರಣ ದಾಖಲೆಯಲ್ಲಿ ಸತ್ತವರ ತಂದೆ-ತಾಯಿ ಇಬ್ಬರ ಹೆಸರೂ ಇರುತ್ತದೆ, ತಾಯಿಯ ತವರು ಹೆಸರಿನ ಸಮೇತ. ಮದುವೆಯಾದ ಹೆಂಗಸು ಸತ್ತರೆ ಸೂಚಿಯಲ್ಲಿ ತವರಿನ ಹೆಸರಲ್ಲೂ ಸಿಗುತ್ತಾಳೆ, ಗಂಡನ ಹೆಸರಲ್ಲೂ ಸಿಗುತ್ತಾಳೆ. ಹಾಗಾಗಿಯೇ ನನಗೆ ಹೆತ್ತವಳು ಸಿಕ್ಕಿದ್ದು, ಮರಣದ ಪುಸ್ತಕದಲ್ಲಿ. ಆಮೇಲೆ ಮದುವೆಯಾಗಿದ್ದಳು. ಸಾವಿನ ಸುದ್ದಿ ಬರೆಸಿದವಳು ಮಗಳು. ಅಂದರೆ ನನಗೊಬ್ಬಳು ತಂಗಿ.

ತಂಗಿಗೆ ನೇರ ಪತ್ರ ಹಾಕಲಿಲ್ಲ. ಇಂಥ ಕೆಲಸಕ್ಕೇ ಅಲ್ಲಿ ಮಧ್ಯಸ್ಥಿಕೆಯವರಿದ್ದಾರೆ. ಬರ್ತ್‌ಲಿಂಕ್ ಎಂಬ ಸಂಸ್ಥೆ 1984ರಿಂದ ಒಂದು ಪಟ್ಟಿ ಇಟ್ಟಿದೆ. ದತ್ತು ಹೋದವರು, ಹೆತ್ತವರು, ಬಂಧುಗಳು ತಮ್ಮ ಹೆಸರು ಬರೆಸಿಡಬಹುದು, ಎರಡೂ ಕಡೆಯ ಹೆಸರು ತಾಳೆಯಾದರೆ ಸಂಪರ್ಕ ಮಾಡಿಸುತ್ತಾರೆ. ನನ್ನ ವಿಷಯದಲ್ಲಿ ಆ ಕಡೆಯಿಂದ ಯಾರೂ ಬರೆಸಿರಲಿಲ್ಲ. ಮಧ್ಯಸ್ಥರ ಮೂಲಕ ಕೇಳಿಸಿದೆ. ತಂಗಿ ಬಹಳ ದಿನ ಬಿಟ್ಟು ಅರ್ಧ ಪುಟ ಬರೆದಳು. ಈಗ ವರ್ಷಕ್ಕೆ ಒಂದೆರಡು ಸಲ ಮಾತಾಡುತ್ತೇವೆ. ಅದಕ್ಕಿಂತ ಹೆಚ್ಚು ಆಕೆಗೂ ಬೇಡ, ನನಗೂ ಬೇಡ. ಕಾಯಿಲೆಗಳ ವಿಷಯ ಮಾತ್ರ ಪೂರ್ತಿ ಹೇಳಿದಳು. ಮಗಳು ಅದನ್ನು ತನ್ನ ಡಾಕ್ಟರಮ್ಮನಿಗೆ ಕೊಟ್ಟಳು.

ಕೋರ್ಟಿನ ಫೈಲಿನಲ್ಲಿ ಇನ್ನೊಂದು ಕಥೆ ಇತ್ತು. ಮಗುವಿಗೆ ಆರು ವಾರ ತುಂಬುವ ತನಕ ತಾಯಿಯ ಒಪ್ಪಿಗೆಗೆ ಅಲ್ಲಿ ಬೆಲೆಯಿಲ್ಲ. ಆರು ವಾರ ಕಳೆದು ಆಕೆ ಸಹಿ ಹಾಕಿದ್ದಳು. ಕೂಸನ್ನು ಕರಕೊಂಡು ಮನೆಗೆ ಬರಬೇಡ ಎಂದು ಅವಳಪ್ಪ ಹೇಳಿದ್ದ ಎಂದು ಕೋರ್ಟು ನೇಮಿಸಿದವರ ವರದಿಯಲ್ಲಿ ಬರೆದಿದೆ. ಹೀಗೆ ಒತ್ತಾಯಕ್ಕೆ ಮಕ್ಕಳನ್ನು ಬಿಟ್ಟುಕೊಟ್ಟ ಹೆಂಗಸರು ಅಲ್ಲಿ ಸಾವಿರಾರು. 2023ರ ಮಾರ್ಚ್ 22ರಂದು ಅಲ್ಲಿನ ಮುಖ್ಯಸಚಿವೆ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲಿ ನಿಂತು ಅವರೆಲ್ಲರ ಕ್ಷಮೆ ಕೇಳಿದರು. ನನ್ನವಳು ಅದನ್ನು ಕೇಳಲು ಇರಲಿಲ್ಲ.

ಅಲ್ಲಿಂದ ಹಿಂದಕ್ಕೆ ಹೋಗುವುದು ಸುಲಭ. 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣದ ದಾಖಲೆಗಳನ್ನು ಸ್ಕಾಟ್ಲೆಂಡ್ಸ್‌ಪೀಪಲ್ ಎಂಬ ಸರ್ಕಾರಿ ತಾಣದಲ್ಲಿ ಕಾಸು ಕಟ್ಟಿ ಮನೆಯಲ್ಲೇ ಕೂತು ನೋಡಬಹುದು. ಹೆತ್ತವಳ ಅಜ್ಜಿ, ಮುತ್ತಜ್ಜಿ ಇಬ್ಬರೂ ಸೆಣಬಿನ ಗಿರಣಿಯಲ್ಲಿ ನೂಲು ತೆಗೆಯುವವರು. ಡಂಡಿ ಆ ಕಾಲಕ್ಕೆ ಸೆಣಬಿನ ರಾಜಧಾನಿ. ನಮ್ಮ ಬಂಗಾಳದ ಸೆಣಬು ಹಡಗಲ್ಲಿ ಅಲ್ಲಿಗೆ ಹೋಗಿ, ತಿಮಿಂಗಿಲದ ಎಣ್ಣೆಯಲ್ಲಿ ಮೆತ್ತಗಾಗಿ, ಗೋಣಿ ಬಟ್ಟೆಯಾಗುತ್ತಿತ್ತು. ಗಿರಣಿಗಳಲ್ಲಿ ಹೆಂಗಸರೇ ಜಾಸ್ತಿ. ಲಾಕೀ ಎಂಬ ಬಡಾವಣೆಯ ಒಂದೇ ಕಾರ್ಖಾನೆಯಲ್ಲಿ 5,000 ಜನ ದುಡಿಯುತ್ತಿದ್ದರು. ಇನ್ನೂ ಹಿಂದಿನವರ ಜನಗಣತಿ ಹಾಳೆ ತೆಗೆದರೆ ಹುಟ್ಟಿದ ಊರು ಎಂಬಲ್ಲಿ ಐರ್ಲೆಂಡ್! ಹೊಟ್ಟೆಪಾಡಿಗೆ ಡಂಡಿಗೆ ಬಂದವರು. ಗೆಳೆಯರು ಮಾತ್ರ ಇಂದಿಗೂ "ನಿಂದು ಯಾವ ಕ್ಲಾನ್, ಯಾವ ಚೌಕಳಿ ಲಂಗ?" ಎಂದು ಕಾಡುತ್ತಾರೆ. ಕ್ಲಾನ್ ಅಂದರೆ ಅಲ್ಲಿನ ಕುಲ, ಕುಲಕ್ಕೊಂದು ಚೌಕಳಿ. ಗಿರಣಿ ಕೂಲಿಗಳಿಗೆ ಎಂಥ ಕ್ಲಾನ್! ನಮ್ಮ ಗಂಜಿನಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೂ ನನಗೂ ಗೋಣಿಯ ನಂಟಿದೆ ಎಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ಇದನ್ನೆಲ್ಲ ಬರೆದದ್ದು ನನ್ನ ಕಥೆ ಹೇಳಲು ಅಲ್ಲ. ಸೇಡಂ ತಾಲೂಕಿನಿಂದ ಒಬ್ಬ ಹೆಣ್ಣುಮಗಳು ನನ್ನ ಕಚೇರಿಗೆ ಬಂದಿದ್ದರು. ಎಂಬತ್ತರ ದಶಕದಲ್ಲಿ ಒಂದು ಅನಾಥಾಲಯದಿಂದ ದತ್ತು ಬಂದವರು. ಸಾಕಿದವರು ತೀರಿಕೊಂಡಿದ್ದಾರೆ. ಅನಾಥಾಲಯ ಮುಚ್ಚಿದೆ. ಅದರ ರಿಜಿಸ್ಟರು ಎಲ್ಲಿ ಹೋಯಿತು ಎಂದು ಒಂದು ಕಚೇರಿಯವರು ಇನ್ನೊಂದನ್ನು ತೋರಿಸುತ್ತಾರೆ. ಅವರ ಕೈಯಲ್ಲಿರುವುದು ಕೋರ್ಟು ಆದೇಶದ ಒಂದು ಮಾಸಿದ ಜೆರಾಕ್ಸು. ಕಾನೂನು ಅವರ ಪರವಾಗಿಯೇ ಇದೆ. 2022ರ ದತ್ತು ನಿಯಮಗಳ ಪ್ರಕಾರ 18 ತುಂಬಿದವರು ತಮ್ಮ ಮೂಲ ತಿಳಿಯಲು ಅರ್ಜಿ ಹಾಕಬಹುದು. ಹೆತ್ತವರು ತಾವಾಗಿ ಮಗುವನ್ನು ಒಪ್ಪಿಸುವಾಗ ತಮ್ಮ ಹೆಸರು ಗುಟ್ಟಾಗಿಡಿ ಎಂದು ಕೋರಿದ್ದರೆ ಅವರ ಒಪ್ಪಿಗೆ ಕೇಳುತ್ತಾರೆ. ಅದು ಸರಿಯೇ, ಹೆತ್ತವಳಿಗೂ ಒಂದು ಬದುಕಿರುತ್ತದಲ್ವಾ? ಆದರೆ ಕಾಗದವೇ ಇಲ್ಲದ ಮೇಲೆ ಈ ಹಕ್ಕನ್ನು ಇಟ್ಟುಕೊಂಡು ಏನು ಮಾಡುವುದು?

ಗುಟ್ಟು ಮಾಡುವುದು ನಮ್ಮ ಪದ್ಧತಿ ಎಂದೂ ಆ ಓದುಗರು ಬರೆದಿದ್ದಾರೆ. ನನಗೆ ಗೊತ್ತಿರುವ ಪದ್ಧತಿ ಬೇರೆ. ನಮ್ಮ ಹಳ್ಳಿಗಳಲ್ಲಿ ಅಣ್ಣನ ಮಗನನ್ನು ತಮ್ಮ ದತ್ತು ತಗೊಂಡರೆ ಹತ್ತು ಮಂದಿಯ ಮುಂದೆ ತಗೊಳ್ಳುತ್ತಾನೆ. ಹುಡುಗ ಎರಡೂ ಮನೆಯಲ್ಲಿ ಉಂಡು ಬೆಳೆಯುತ್ತಾನೆ. 1956ರ ಹಿಂದೂ ದತ್ತಕ ಕಾಯ್ದೆ ಕೂಡ ಕೊಡುವುದು, ತಗೊಳ್ಳುವುದು ನಿಜವಾಗಿ ನಡೆಯಲೇಬೇಕು ಅನ್ನುತ್ತದೆ. ಮುಚ್ಚುಮರೆ ಹೆಚ್ಚಿರುವುದು ಪೇಟೆಯಲ್ಲಿ. ಆಸ್ಪತ್ರೆಯಿಂದಲೇ ಕೂಸು ತಂದು, ತಾವೇ ಹೆತ್ತ ಹಾಗೆ ಜನನ ಪತ್ರ ಮಾಡಿಸುವವರಿದ್ದಾರೆ. ಕಾನೂನು ಬಿಟ್ಟು ಮಗು ತಗೊಂಡರೆ, ಕೊಟ್ಟರೆ, ಮೂರು ವರ್ಷದವರೆಗೆ ಜೈಲಿದೆ. ಆ ಮಗುವಿಗೆ ಮಾತ್ರ ಹುಡುಕಲು ಒಂದು ಎಳೆಯೂ ಉಳಿಯುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಎಲ್ಲವೂ ಚೊಕ್ಕ ಎಂದೇನಿಲ್ಲ. ದತ್ತು ಕಡತ ಇಟ್ಟುಕೊಂಡಿದ್ದ ಅಲ್ಲಿನ ಒಂದು ಸಂಸ್ಥೆ 2021ರಲ್ಲಿ ಕಪಾಟು ಖಾಲಿ ಮಾಡಲು ಹೋಗಿ ಸುಮಾರು 4,800 ದಾಖಲೆ ನಾಶ ಮಾಡಿತು. ತಾಯಂದಿರು ಕೈಯಾರೆ ಬರೆದ ಪತ್ರ, ಫೋಟೊಗಳೂ ಹೋದವು. 2025ರಲ್ಲಿ 18,000 ಪೌಂಡ್ ದಂಡ ಬಿತ್ತು. ದಂಡ ಕಟ್ಟಿದರೆ ಪತ್ರ ವಾಪಸ್ ಬರುತ್ತದೆಯೇ?

ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲಾಡಳಿತಗಳಿಗೆ ನನ್ನ ವಿನಂತಿ ಇಷ್ಟೇ. ಮುಚ್ಚಿಹೋದ ಅನಾಥಾಲಯ, ಶಿಶುಗೃಹಗಳ ರಿಜಿಸ್ಟರು ಎಲ್ಲೆಲ್ಲಿವೆ ಎಂದು ಮಕ್ಕಳ ರಕ್ಷಣಾ ಘಟಕ ಒಂದು ಪಟ್ಟಿ ಮಾಡಲಿ, ಗೆದ್ದಲು ಹತ್ತುವ ಮೊದಲು ಸ್ಕ್ಯಾನ್ ಮಾಡಿಸಲಿ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಹೊಸ ಫೈಲುಗಳು ಅವರಲ್ಲೇ ಇರುತ್ತವೆ. ಹಳೆಯವು ಕೋರ್ಟಿನ ರೆಕಾರ್ಡ್ ರೂಮಿನಲ್ಲಿವೆ. ಅವಧಿ ಮುಗಿದ ಫೈಲು ನಾಶ ಮಾಡುವಾಗ ದತ್ತು ಫೈಲನ್ನು ಬೇರೆ ತೆಗೆದಿಡುವಂತೆ ಆದೇಶವಾಗಲಿ. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಒಂದು ಕೋಣೆ, ಒಂದು ಸ್ಕ್ಯಾನರ್, ಜವಾಬ್ದಾರಿ ಇರುವ ಒಬ್ಬ ಗುಮಾಸ್ತ ಸಾಕು.

ದತ್ತಕ ಪತ್ರ ಬರೆಸಲು ನನ್ನ ಬಳಿ ಬರುವವರಿಗೆ ಪ್ರತಿ ಸಲ ಹೇಳುತ್ತೇನೆ: ಒಂದು ದೃಢೀಕೃತ ಪ್ರತಿ ಜಾಸ್ತಿ ತಗೊಳ್ಳಿ, ಮಗುವಿನ ಹೆಸರು ಬರೆದ ಲಕೋಟೆಯಲ್ಲಿ ಹಾಕಿಡಿ, ಹೆತ್ತ ಮನೆಯವರ ಕಾಯಿಲೆ-ಕಸಾಲೆ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಕೆಲವರು ಮುಖ ಸಿಂಡರಿಸುತ್ತಾರೆ. ಆ ಪ್ರತಿಗೆ ಫೀ ಬೇಡ ಅಂದರೆ ಒಪ್ಪುತ್ತಾರೆ.

ನನ್ನ ಹೆಸರು ದಯವಿಟ್ಟು ಹಾಕಬೇಡಿ. ನನಗೆ ನಾಚಿಕೆ ಏನಿಲ್ಲ, ಓಣಿಗೆಲ್ಲ ಗೊತ್ತಿರುವ ವಿಷಯ. ಡಂಡಿಯ ತಂಗಿ ತನ್ನ ಮಕ್ಕಳಿಗೆ ಇನ್ನೂ ಹೇಳಿಲ್ಲ.

- ಒಬ್ಬ ವಕೀಲ, ಕಲಬುರಗಿ