ಮೀನಿಗೆ ಔಷಧಿ ಹಾಕುವ ಮುಂಚೆ ನೀರು ನೋಡಿ

ಮಾನ್ಯರೇ,

ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ನಾಲ್ಕು ವರ್ಷದಿಂದ ಗೋಲ್ಡ್ ಫಿಶ್ ಸಾಕಿದ್ದೇವೆ. ಈ ಫೆಬ್ರವರಿಯಲ್ಲಿ ಎಂಟರಲ್ಲಿ ಮೂರು ಸತ್ತವು. ಇಲ್ಲದ ಕಾಯಿಲೆಗೆ ನಾನೇ ಔಷಧಿ ಹಾಕಿ ಕಳೆದುಕೊಂಡೆ. ಬೇರೆಯವರಿಗೆ ಹೀಗಾಗಬಾರದು ಎಂದು ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ದೊಡ್ಡ ಮೀನಿನ ಕಿವಿರು ಮುಚ್ಚಳದ ಮೇಲೆ ರವೆ ಕಾಳಿನಂಥ ಬಿಳಿ ಚುಕ್ಕೆ ಕಂಡವು. ಅಕ್ವೇರಿಯಂ ಅಂಗಡಿಯಲ್ಲಿ ಫೋಟೊ ತೋರಿಸಿದೆ. 'ವೈಟ್ ಸ್ಪಾಟ್ ಸಾರ್' ಎಂದು ನೀಲಿ ಔಷಧಿ ಕೊಟ್ಟರು. ನೀರು ಹೇಗಿದೆ, ಮೀನು ತಿನ್ನುತ್ತಿದೆಯಾ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಮೀನು ಚೆನ್ನಾಗಿಯೇ ತಿನ್ನುತ್ತಿತ್ತು, ದಿನವಿಡೀ ಒಂದು ಹೆಣ್ಣು ಮೀನಿನ ಹಿಂದೆ ಸುತ್ತುತ್ತಿತ್ತು. ಸುಳಿವು ಅಲ್ಲೇ ಇತ್ತು. ಮರಿ ಮಾಡುವ ಕಾಲಕ್ಕೆ ಗಂಡು ಗೋಲ್ಡ್ ಫಿಶ್‌ನ ಕಿವಿರು ಮುಚ್ಚಳದ ಮೇಲೂ ಎದೆ ಪಕ್ಕದ ರೆಕ್ಕೆಯ ಮುಂದಿನ ಅಂಚಿನಲ್ಲೂ ಇಂಥ ಚುಕ್ಕೆ ಏಳುವುದು ಸಹಜ. ನಿಜವಾದ ವೈಟ್ ಸ್ಪಾಟ್ ಆದರೆ ಪುಡಿ ಉಪ್ಪು ಉದುರಿಸಿದ ಹಾಗೆ ಮೈ, ಬಾಲ, ಎಲ್ಲೆಂದರಲ್ಲಿ ಇರುತ್ತದೆ, ಮೀನು ಗೋಡೆಗೆ ಮೈ ಉಜ್ಜುತ್ತಿರುತ್ತದೆ.

ಔಷಧಿ ಹಾಕಿ ನಾಲ್ಕನೇ ದಿನ ಎಲ್ಲಾ ಮೀನೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಕಾಯಿಲೆ ಜಾಸ್ತಿ ಆಯಿತೇನೋ ಎಂದು ಇನ್ನೊಂದು ಡೋಸ್ ಹಾಕಿದೆ! ಮಾರನೇ ದಿನ ಗೆಳೆಯರೊಬ್ಬರು ಅಮೋನಿಯಾ ಟೆಸ್ಟ್ ಕಿಟ್ ತಂದರು. ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿ ನೀರು ಹಿಡಿದು, ಹನಿ ಹಾಕಿ, ಕುಲುಕಿ ಕಾದೆವು. ಹಳದಿಯಾಗೇ ಉಳಿಯಬೇಕಿದ್ದ ನೀರು ನೋಡನೋಡುತ್ತಾ ಕಡು ಹಸಿರಾಯಿತು, ಅಂದರೆ ನೀರಲ್ಲಿ ಅಮೋನಿಯಾ ತುಂಬಿತ್ತು. ಮೀನು ಬಿಡುವ ಅಮೋನಿಯಾದ ವಿಷ ಕಳೆಯುವುದು ಫಿಲ್ಟರ್ ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾ, ಆ ನೀಲಿ ಔಷಧಿ ಅವನ್ನೂ ಬಿಡುವುದಿಲ್ಲ. ನೀರಿನ ಪಿಎಚ್ (ಕ್ಷಾರ ಗುಣದ ಅಳತೆ) ಮತ್ತು ಬಿಸಿ ಏರಿದಷ್ಟೂ ಅಮೋನಿಯಾ ಇನ್ನೂ ವಿಷ, ನಮ್ಮದೋ ಗಡಸು ಬೋರ್‌ವೆಲ್ ನೀರು, ಬಿಸಿಲು ಬೇರೆ. ಅರ್ಧ ನೀರು ಬದಲಿಸುವಷ್ಟರಲ್ಲಿ ಮೂರು ಹೋಗಿದ್ದವು.

ಎಲ್ಲಾ ಮೀನಿಗೂ ಒಟ್ಟಿಗೆ ತೊಂದರೆ ಆದರೆ ಮೊದಲು ನೀರನ್ನು ಅನುಮಾನಿಸಿ. ನಸುಕಿನಲ್ಲಿ ಮಾತ್ರ ಮೇಲೆ ಬಂದು ಬಾಯಿ ಬಿಟ್ಟು ಬಿಸಿಲೇರಿದ ಮೇಲೆ ಸರಿಹೋದರೆ ರಾತ್ರಿ ಆಮ್ಲಜನಕ ಕಡಿಮೆ ಆಗಿರುತ್ತದೆ, ಗಾಳಿ ಪಂಪ್ ಸಾಕು. ನಲ್ಲಿ ನೀರು ಬಿಟ್ಟ ಕೂಡಲೇ ಒದ್ದಾಡಿದರೆ ಕ್ಲೋರಿನ್ ಇರಬಹುದು. ಒಂದೇ ಮೀನು ಊಟ ಬಿಟ್ಟು ಮೂಲೆ ಸೇರಿದರೆ ಆಗ ಅದರ ಮೈ ನೋಡಿ. ದಾರದ ತುಂಡಿನಂತೆ ನೇತಾಡುವ ಹುಳ, ಚಪ್ಪಟೆ ಹೇನು ಕಣ್ಣಿಗೇ ಕಾಣುತ್ತವೆ. ಹುರುಪೆ ನಿಗುರಿ ಹೊಟ್ಟೆ ಊದಿದ್ದಕ್ಕೆ ಡ್ರಾಪ್ಸಿ ಎನ್ನುತ್ತಾರೆ, ಆದರೆ ಅದು ಲಕ್ಷಣದ ಹೆಸರು ಅಷ್ಟೇ, ಕಾರಣ ಒಳಗೆಲ್ಲೋ ಇರುತ್ತದೆ. ಕಿವಿರಿನೊಳಗಿನ ಸಣ್ಣ ಹುಳಗಳಂತೂ ಮೈಕ್ರೋಸ್ಕೋಪ್ ಇಲ್ಲದೆ ಯಾರಿಗೂ ಕಾಣುವುದಿಲ್ಲ, ಫೋಟೊ ನೋಡಿ ಹೇಳುವ ಮಾತೇ ಇಲ್ಲ.

ಆ ಮೈಕ್ರೋಸ್ಕೋಪ್ ಎಲ್ಲಿದೆ ಅನ್ನುವುದೇ ನನ್ನ ಪ್ರಶ್ನೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಆದರೆ ಮೈಸೂರಿನಿಂದ ಒಂದು ಕಾಯಿಲೆ ಮೀನು ಹಿಡಿದು ಘಟ್ಟ ಇಳಿಯಲು ಆಗುತ್ತದಾ? ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಮೀನು ನೋಡುವುದಿಲ್ಲ ಎಂದರು. ದನದ ಸಗಣಿ, ರಕ್ತ ನೋಡುವ ಮೈಕ್ರೋಸ್ಕೋಪ್‌ನಲ್ಲೇ ಮೀನಿನ ಮೈಮೇಲಿನ ಲೋಳೆಯನ್ನೂ ನೋಡಬಹುದು. ಮೀನುಗಾರಿಕೆ ಇಲಾಖೆ ಮತ್ತು ಪಶುಪಾಲನಾ ಇಲಾಖೆ ಸೇರಿ ಜಿಲ್ಲೆಗೊಂದು ಕಡೆ, ವಾರಕ್ಕೊಂದು ದಿನವಾದರೂ ಇದಕ್ಕೆ ತರಬೇತಿ ಇರುವವರನ್ನು ಕೂರಿಸಲಿ. ಮೀನನ್ನು ಜೀವಂತವಾಗಿ ಅದರ ತೊಟ್ಟಿ ನೀರಿನಲ್ಲೇ ತನ್ನಿ, ಇನ್ನೊಂದು ಬಾಟಲಿಯಲ್ಲಿ ಬರೀ ನೀರು ತನ್ನಿ ಎಂದು ಬೋರ್ಡ್ ಹಾಕಲಿ, ನಾವು ತರುತ್ತೇವೆ.

– ಒಬ್ಬ ಓದುಗ, ಮೈಸೂರು