ಪ್ರೊಮೊತೊರಾಗಳನ್ನು ಕಾಯಂ ಮಾಡಿ: ನಮ್ಮ ಕೌಂಟಿ ಸೂಪರ್‌ವೈಸರ್‌ಗೆ ಬಹಿರಂಗ ಪತ್ರ

ಮಾನ್ಯ ಸೂಪರ್‌ವೈಸರ್ ಅವರಿಗೆ,

ನಮಸ್ಕಾರ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ತಲುಪಿದೆ. ಕನ್ನಡದಲ್ಲೂ ಪ್ರಕಟಿಸಲು ಕಾರಣವಿದೆ. ಕ್ಯಾಲಿಫೋರ್ನಿಯಾದ ಈ ಕೌಂಟಿಯಲ್ಲಿ ಮತ ಹಾಕುವ ಕನ್ನಡಿಗರೂ ಇದ್ದಾರೆ. ತಾವು ತಿನ್ನುವ ಸ್ಟ್ರಾಬೆರಿ, ಲೆಟ್ಯೂಸ್ ಕೊಯ್ಯುವವರ ಆರೋಗ್ಯದ ಪಾಡು ಅವರಿಗೂ ಗೊತ್ತಾಗಲಿ.

ನಮ್ಮ ಬೇಡಿಕೆ ಒಂದೇ. ಲ್ಯಾಟಿನೊ ಕೃಷಿ ಕಾರ್ಮಿಕರ ನಡುವೆ ಕೆಲಸ ಮಾಡುವ ಪ್ರೊಮೊತೊರಾಗಳನ್ನು, ಅಂದರೆ ಅದೇ ಸಮುದಾಯದಿಂದ ಬಂದ ಆರೋಗ್ಯ ಕಾರ್ಯಕರ್ತೆಯರನ್ನು, ಕೌಂಟಿ ಬಜೆಟ್ಟಿನಲ್ಲೇ ಕಾಯಂ ಮಾಡಿ. ಆಶಾ ಕಾರ್ಯಕರ್ತೆಯರನ್ನು ಬಲ್ಲ ಓದುಗರಿಗೆ ಈ ಕೆಲಸ ಏನೆಂದು ಬಿಡಿಸಿ ಹೇಳಬೇಕಿಲ್ಲ. ಈಗ ಪ್ರೊಮೊತೊರಾಗಳಿಗೆ ಅನುದಾನ ಬಂದಾಗ ನೇಮಕ, ಜೂನ್ 30ಕ್ಕೆ ಆರ್ಥಿಕ ವರ್ಷ ಮುಗಿದ ಕೂಡಲೇ ಮನೆಗೆ. ಇದು ಇನ್ನೆಷ್ಟು ವರ್ಷ ನಡೆಯಬೇಕು?

ಮಧುಮೇಹ ತಡೆಯುವ ತರಗತಿಯನ್ನೇ ನೋಡಿ. ಸಿಡಿಸಿ (ಅಮೆರಿಕದ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ) ಮಾನ್ಯತೆಯ ಕಾರ್ಯಕ್ರಮ ಪೂರ್ತಿ ಒಂದು ವರ್ಷದ್ದು. ಮೊದಲ 6 ತಿಂಗಳಲ್ಲಿ ಕನಿಷ್ಠ 16 ತರಗತಿ, ಆಮೇಲಿನ 6 ತಿಂಗಳಲ್ಲಿ ಕನಿಷ್ಠ 6. ತೂಕ ಹೆಚ್ಚಿದ್ದು, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಶೇ. 5.7ರಿಂದ 6.4ರವರೆಗೆ ಇರುವವರು, ಅಂದರೆ ಮಧುಮೇಹದ ಅಂಚಿನಲ್ಲಿರುವವರು, ಸೇರಬಹುದು. ವಾರಕ್ಕೆ 150 ನಿಮಿಷ ಮೈ ದಣಿಸಿ, ತೂಕವನ್ನು ಶೇ. 5ರಿಂದ 7ರಷ್ಟು ಇಳಿಸುವುದು ಗುರಿ. ಈ ದಾರಿಯಲ್ಲಿ ಹೋದವರಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ಕಡಿಮೆಯಾಯಿತು, ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 31ರಷ್ಟು ಎಂದು 2002ರಲ್ಲೇ ದೊಡ್ಡ ಪ್ರಯೋಗವೊಂದು ತೋರಿಸಿತು. ಸ್ಪ್ಯಾನಿಷ್ ಪಠ್ಯವೂ ಸಿದ್ಧವಾಗಿದೆ.

ಆದರೂ ನಮ್ಮಲ್ಲಿ ತರಗತಿ ಅರ್ಧಕ್ಕೇ ನಿಲ್ಲುತ್ತದೆ. ಅನುದಾನದ ಕಾಗದಪತ್ರ ಮುಗಿದು, ನೇಮಕವಾಗಿ, ತರಬೇತಿ ಆಗುವ ಹೊತ್ತಿಗೆ ಅಕ್ಟೋಬರ್ ಬಂದಿರುತ್ತದೆ. ನವೆಂಬರ್‌ನಲ್ಲಿ ಲೆಟ್ಯೂಸ್ ಕೊಯ್ಲಿನ ತಂಡಗಳು ಆರಿಝೋನಾದ ಯೂಮಾಕ್ಕೆ ಹೊರಡುತ್ತವೆ. ಅವರು ವಸಂತದಲ್ಲಿ ಮರಳಿ ಬಂದು ಮತ್ತೆ ತರಗತಿಗೆ ಕೂತರೆ, ಜೂನ್ 30ಕ್ಕೆ ಕಲಿಸುವವಳೇ ಇರುವುದಿಲ್ಲ. ಹೊಸಬಳು ಫೋನ್ ಮಾಡಿದರೆ ಗುರುತಿಲ್ಲದ ನಂಬರ್ ಎಂದು ಯಾರೂ ಎತ್ತುವುದಿಲ್ಲ. ವಲಸೆ ಅಧಿಕಾರಿಗಳ ಭಯ ಇರುವ ಮನೆಗಳಲ್ಲಿ ಬಾಗಿಲೂ ತೆರೆಯುವುದಿಲ್ಲ.

ಕಾಯಂ ಕಾರ್ಯಕರ್ತೆ ಇದ್ದರೆ ಇದೇ ತರಗತಿ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಸೆಪ್ಟೆಂಬರ್ ಒಳಗೆ 16 ಮುಗಿಸಿ, ಉಳಿದ 6ನ್ನು ಯೂಮಾದಲ್ಲಿರುವವರಿಗೆ ತಿಂಗಳಿಗೊಂದರಂತೆ ಫೋನಿನಲ್ಲಿ ನಡೆಸಬಹುದು. ಸಿಡಿಸಿ ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ತರಗತಿ ಸಂಜೆ ಆರೂವರೆಗೆ ಇರಬೇಕು, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಕು. ಬೆಳಗ್ಗೆ ಹತ್ತಕ್ಕೆ ಇಟ್ಟು, ಯಾರೂ ಬರಲಿಲ್ಲ ಎಂದು ವರದಿ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಆ ಹೊತ್ತಿನಲ್ಲಿ ಅವರು ಹೊಲದಲ್ಲಿರುತ್ತಾರೆ.

ಅನುಭವಕ್ಕೆ ಬೆಲೆ ಇದೆ. ಹೊಸದಾಗಿ ಬಂದವರು ಮೊದಲ ದಿನವೇ ಟೋರ್ಟಿಯಾ ಬಿಡಿ ಅನ್ನುತ್ತಾರೆ. ಮುದ್ದೆ ಉಣ್ಣುವ ಮನೆಗೆ ಹೋಗಿ ಮುದ್ದೆ ಬಿಡಿ ಅಂದ ಹಾಗೆ. ಮುಂದಿನ ವಾರ ಅರ್ಧ ಕುರ್ಚಿ ಖಾಲಿ. ಪಳಗಿದ ಪ್ರೊಮೊತೊರಾ ಲೆಕ್ಕ ಹಾಕಿ ತೋರಿಸುತ್ತಾಳೆ: ಆರು ಇಂಚಿನ ಜೋಳದ ಟೋರ್ಟಿಯಾ ಒಂದರಲ್ಲಿ ಸುಮಾರು 15 ಗ್ರಾಂ ಕಾರ್ಬೊಹೈಡ್ರೇಟ್, 355 ಮಿ.ಲೀ. ಕೋಲಾ ಕ್ಯಾನಿನಲ್ಲಿ 39 ಗ್ರಾಂ ಸಕ್ಕರೆ. ಊಟಕ್ಕೆ ಎರಡು ಟೋರ್ಟಿಯಾ ಇರಲಿ, ಕ್ಯಾನ್ ಮೊದಲು ಹೋಗಲಿ. ಈ ಮಾತನ್ನು ಜನ ಕೇಳುತ್ತಾರೆ.

ಇನ್ನು ಕಳೆದ ಜುಲೈನ ಆ ಘಟನೆ. ಮರೆಯಲು ನಮ್ಮಿಂದ ಆಗುತ್ತಿಲ್ಲ. ಗರ್ಭಿಣಿಯೊಬ್ಬರು, ಗರ್ಭಾವಸ್ಥೆಯ ಮಧುಮೇಹ, ಮಾತು ಮಿಸ್ತೆಕೊ, ಅಂದರೆ ಮೆಕ್ಸಿಕೊದ ಮೂಲನಿವಾಸಿಗಳ ಒಂದು ಭಾಷೆ. ಮೆಕ್ಸಿಕೊದವರು ಎಂದ ಮೇಲೆ ಸ್ಪ್ಯಾನಿಷ್ ಬಂದೇ ಬರುತ್ತದೆ ಅಂದುಕೊಂಡ ಕ್ಲಿನಿಕ್ ಒಂದು ಫೋನಿನಲ್ಲಿ ಸ್ಪ್ಯಾನಿಷ್ ದುಭಾಷಿಯನ್ನು ಹಿಡಿಯಿತು. ಆಕೆಗೆ ಅರ್ಥವಾಗದಿದ್ದಾಗ ಜೊತೆಗಿದ್ದ ಹನ್ನೊಂದು ವರ್ಷದ ಮಗನನ್ನು ಮುಂದೆ ಕೂರಿಸಿದರು. ಇನ್ಸುಲಿನ್ ಪೆನ್ ಎರಡು: ಒಂದು ರಾತ್ರಿ ಮಲಗುವಾಗ 10 ಯೂನಿಟ್, ಇನ್ನೊಂದು ಊಟಕ್ಕೆ ಮುಂಚೆ 4. ಹುಡುಗ ಪೆನ್ನುಗಳನ್ನು ಅದಲು ಬದಲು ಮಾಡಿ ಹೇಳಿದ. ಬೇಗ ಕೆಲಸ ಮಾಡುವ ಇನ್ಸುಲಿನ್ 10 ಯೂನಿಟ್ ಚುಚ್ಚಿಕೊಂಡು ಮಲಗಿದ ತಾಯಿಯನ್ನು ನಡುರಾತ್ರಿ ಆಂಬುಲೆನ್ಸ್‌ನಲ್ಲಿ ಒಯ್ಯಬೇಕಾಯಿತು. ಸಕ್ಕರೆ 48ಕ್ಕೆ ಇಳಿದಿತ್ತು. ಆಕೆ ಉಳಿದರು. ತಪ್ಪು ತನ್ನದೇ ಎಂದು ಆ ಮಗು ಇವತ್ತಿಗೂ ನಂಬಿದೆ.

ಕೈಗೆಟಕುವ ಬೆಲೆಯ ಆರೈಕೆ ಕಾಯ್ದೆಯ ಸೆಕ್ಷನ್ 1557 ನಿಮಗೆ ಗೊತ್ತಿಲ್ಲದ್ದೇನಲ್ಲ. ಅದರ ಪ್ರಕಾರ ತುರ್ತು ಸಂದರ್ಭ ಬಿಟ್ಟರೆ ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸುವಂತಿಲ್ಲ. ಆ ತಾಯಿಯ ಊರಿನ ಮಿಸ್ತೆಕೊ ಬಲ್ಲ ಪ್ರೊಮೊತೊರಾಳನ್ನು ಆ ಘಟನೆಗೆ ಎರಡು ವಾರ ಮುಂಚೆ, ಜೂನ್ 30ಕ್ಕೆ, ನಾವೇ ಮನೆಗೆ ಕಳಿಸಿದ್ದೆವು. ಆ ಪ್ರೊಮೊತೊರಾ ಇದ್ದಿದ್ದರೆ ಮೆಕ್ಸಿಕೊದ ವಹಾಕಾ ರಾಜ್ಯದ ಯಾವ ಊರು ಎಂದು ಮೊದಲೇ ಕೇಳಿ ಫೈಲಿನಲ್ಲಿ ಬರೆಯುತ್ತಿದ್ದಳು. ಒಂದೂರಿನ ಮಿಸ್ತೆಕೊ ಇನ್ನೊಂದೂರಿನವರಿಗೆ ತಿಳಿಯದೇ ಹೋಗಬಹುದು. ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಮಿಸ್ತೆಕೊಗೆ ಇಬ್ಬರು ದುಭಾಷಿಗಳು ಬೇಕಾಗುವುದರಿಂದ ಎರಡು ಪಟ್ಟು ಸಮಯ ಕಾಯ್ದಿರಿಸುತ್ತಿದ್ದಳು. ಕೊನೆಗೆ ತಾಯಿಯ ಕೈಗೇ ಎರಡೂ ಪೆನ್ ಕೊಟ್ಟು, ಯಾವುದು ಯಾವಾಗ ಎಂದು ತೋರಿಸಿ ಅನ್ನುತ್ತಿದ್ದಳು. ಆಮೇಲೆ ಇಲಾಖೆ ಏನು ಮಾಡಿತು? ಕರಪತ್ರ ಅಚ್ಚು ಹಾಕಿಸಿತು. ಬಹುಪಾಲು ಬಾಯಿಮಾತಿನಲ್ಲೇ ಬದುಕಿರುವ ಭಾಷೆಯವರಿಗೆ ಕರಪತ್ರ! ಧ್ವನಿಮುದ್ರಿಕೆ ಮಾಡಿಸಿ, ಕಾರ್ಯಕರ್ತೆಯನ್ನು ಕಾಯಂ ಮಾಡಿ.

ಸಂಶೋಧನೆಗೂ ಇದೇ ಬೇಕು. ಸಲಿನಾಸ್ ಕಣಿವೆಯಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 'ಚಮಾಕೋಸ್' ಅಧ್ಯಯನ 1999ರಲ್ಲಿ ಶುರುವಾಗಿ, 601 ಗರ್ಭಿಣಿಯರನ್ನು ಸೇರಿಸಿಕೊಂಡು, ಕೀಟನಾಶಕಗಳು ಮಕ್ಕಳ ಮೇಲೆ ಏನು ಮಾಡುತ್ತವೆ ಎಂಬುದನ್ನು ಎರಡು ದಶಕ ಮೀರಿ ಹಿಂಬಾಲಿಸಿತು. ಗುರುತಿನ ಮುಖಗಳೇ ಮತ್ತೆ ಮತ್ತೆ ಬರದಿದ್ದರೆ ಅಷ್ಟು ವರ್ಷ ಯಾವ ತಾಯಿ ಮಗುವನ್ನು ಕರೆದುಕೊಂಡು ಬರುತ್ತಿದ್ದಳು?

ಹಣವಿಲ್ಲ ಎಂಬ ಉತ್ತರ ನಮಗೆ ಬೇಡ. 2022ರ ಜುಲೈನಿಂದ ಪ್ರೊಮೊತೊರಾಗಳ ಕೆಲಸಕ್ಕೆ ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ಕ್ಯಾಲಿಫೋರ್ನಿಯಾ ನಡೆಸುವ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಡುತ್ತಿದೆ, 30 ನಿಮಿಷಕ್ಕೊಂದು ಘಟಕದ ಲೆಕ್ಕದಲ್ಲಿ. ಹಿಂದಿನ ಮೂರು ವರ್ಷದಲ್ಲಿ 2,000 ಗಂಟೆ ಕೆಲಸ ಮಾಡಿದ್ದರೆ ಅರ್ಹತೆಗೆ ಸಾಕು, ಪ್ರಮಾಣಪತ್ರಕ್ಕೆ 18 ತಿಂಗಳ ಕಾಲಾವಕಾಶವಿದೆ. ವರ್ಷವರ್ಷ ಮನೆಗೆ ಕಳಿಸಿದರೆ ಆ 2,000 ಗಂಟೆ ಕೂಡುವುದು ಹೇಗೆ? ದಾಖಲೆಗಳಿಲ್ಲದ ವಯಸ್ಕರಿಗೆ 2026ರ ಜನವರಿಯಿಂದ ಪೂರ್ಣ ಮೆಡಿ-ಕ್ಯಾಲ್‌ಗೆ ಹೊಸ ನೋಂದಣಿ ನಿಂತಿದೆ. ಅಂಥವರ ಮನೆಗೆ ಹೋಗುವ ಗಂಟೆಗಳ ಸಂಬಳವನ್ನು ಕೌಂಟಿಯೇ ಭರಿಸಬೇಕು.

ಬಜೆಟ್ ಸಭೆ ಹತ್ತಿರದಲ್ಲಿದೆ. ಈ ಸಲ ಜೂನ್ 30ಕ್ಕೆ ಒಬ್ಬಳನ್ನೂ ಮನೆಗೆ ಕಳಿಸಬೇಡಿ. ಮೊದಲ ಕಾಯಂ ಹುದ್ದೆ ಮಿಸ್ತೆಕೊ ಬಲ್ಲವಳಿಗೆ ಹೋಗಲಿ.

ಇತಿ,
ಈ ಕೌಂಟಿಯ ಸಮುದಾಯ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವ ಕನ್ನಡಿಗರು