ಅಕ್ಕಿಯೂ ಹುಲ್ಲೂ ಒಂದೇ ಸಕ್ಕರೆ

ಎಸ್ಪೊ, ಫಿನ್‌ಲ್ಯಾಂಡ್
ಫೆಬ್ರವರಿ 9

ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ, ಕೆಮ್ಮು ಪೂರ್ತಿ ವಾಸಿಯಾಗಿದೆ. ಅಪ್ಪನ ಮಂಡಿನೋವು ಹೇಗಿದೆ? ಕೊನೆಕೊಯ್ಲು ಮುಗಿಯಿತಾ?

ಮೊನ್ನೆ "ಮರ ಕರಗಿಸಿ ಅದೇನು ಮಾಡ್ತೀಯೋ" ಅಂತ ನೀನು ಕೇಳಿದೆ, ಅಷ್ಟರಲ್ಲಿ ಫೋನ್ ಕಟ್ಟಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಅನ್ನಕ್ಕಿಡುವ ಅಕ್ಕಿ, ಗೌರಿಗೆ ಹಾಕುವ ಒಣಹುಲ್ಲು ಎರಡರಲ್ಲೂ ಮುಖ್ಯವಾಗಿ ಇರುವುದು ಗ್ಲೂಕೋಸ್ ಎಂಬ ಸಕ್ಕರೆಯೇ. ಪೋಣಿಸಿರುವ ರೀತಿ ಬೇರೆ. ಅಕ್ಕಿಯ ಪಿಷ್ಟದಲ್ಲಿ ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ. ಸರ ಸುರುಳಿಯಾಗುತ್ತದೆ, ಬೆಂದ ಮೇಲೆ ನಮ್ಮ ಜೊಲ್ಲಿಗೇ ಬಿಚ್ಚಿಕೊಳ್ಳುತ್ತದೆ. ಮಲ್ಲಿಗೆ ಕಟ್ಟುವಾಗ ನೀನು ಒಂದು ಮೊಗ್ಗು ಈ ಕಡೆ, ಒಂದು ಆ ಕಡೆ ಇಡುತ್ತೀಯಲ್ಲ, ಹುಲ್ಲಿನ ಸೆಲ್ಯುಲೋಸ್ ಎಂಬ ನಾರಿನಲ್ಲಿ ಗ್ಲೂಕೋಸ್ ಹಾಗೆ ಒಂದು ಬಿಟ್ಟು ಒಂದು ಮಗುಚಿಕೊಂಡಿರುತ್ತದೆ. ಸರ ನೆಟ್ಟಗಾಗುತ್ತದೆ. ಅಂಥ ಸರಗಳು ಪಕ್ಕಪಕ್ಕ ಸೇರಿ ಹೈಡ್ರೋಜನ್ ಬಂಧ ಎಂಬ ಸಣ್ಣ ಸೆಳೆತಗಳಿಂದ ಹಗ್ಗದ ಎಳೆಗಳಂತೆ ಬಿಗಿದುಕೊಳ್ಳುತ್ತವೆ. ನೀರಿನಲ್ಲಿ ಕರಗುವುದಿಲ್ಲ, ನಮ್ಮ ಹೊಟ್ಟೆಗೂ ಜಗ್ಗುವುದಿಲ್ಲ. ಗೌರಿಗೂ ಸ್ವಂತವಾಗಿ ಅದನ್ನು ಬಿಡಿಸಲು ಬರುವುದಿಲ್ಲ ಅಮ್ಮ! ಅವಳ ಹೊಟ್ಟೆಯ ಮೊದಲ ಕೋಣೆಯಲ್ಲಿರುವ ಸೂಕ್ಷ್ಮಜೀವಿಗಳು ಬಿಡಿಸಿಕೊಡುತ್ತವೆ. ನೀನು ಬೆಳಿಗ್ಗೆ ಕರೆಯುವ ಹಾಲು ಅಲ್ಲಿಂದ ಶುರುವಾಗುತ್ತದೆ.

ಆ ಬಿಗಿಯನ್ನು ಸಡಿಲಿಸುವುದೇ ನನ್ನ ಕೆಲಸ. ಇಲ್ಲಿನ ಬರ್ಚ್ ಮರ ನಮ್ಮ ಭೂರ್ಜಪತ್ರೆಯ ಕುಲದ್ದು. ಅದರಿಂದ ತೆಗೆದ ಸೆಲ್ಯುಲೋಸ್ ತಿರುಳನ್ನು ದ್ರವರೂಪದ ಒಂದು ಉಪ್ಪಿನಲ್ಲಿ ಕರಗಿಸಿ, ಶ್ಯಾವಿಗೆ ಒತ್ತಿದ ಹಾಗೆ ಸಣ್ಣ ತೂತುಗಳಿಂದ ನೀರಿಗೆ ಬಿಟ್ಟು ಎಳೆದರೆ ನೂಲು. ಮರದ ತಿರುಳಿನಿಂದಲೇ ರೇಯಾನ್ ಎಂಬ ನೂಲು ಮಾಡುವ ಹಳೆಯ ವಿಧಾನಕ್ಕೆ ಕಾರ್ಬನ್ ಡೈಸಲ್ಫೈಡ್ ಬೇಕು, ಅದು ಕೆಲಸಗಾರರ ನರಗಳನ್ನು ಹಾಳುಮಾಡುವ ವಿಷ. ಹರಿಹರದ ಹತ್ತಿರ ಮರದಿಂದ ತೆಗೆಯುವ ತಿರುಳು ಹೋಗುವುದೂ ರೇಯಾನಿಗೇ. ಆ ವಿಷವಿಲ್ಲದೆ ಬಟ್ಟೆ ಆಗಬೇಕು ಅನ್ನುವುದೇ ನನ್ನನ್ನು ಇಲ್ಲಿ ಹಿಡಿದಿಟ್ಟಿದೆ. ಆಲ್ಟೊ ವಿಶ್ವವಿದ್ಯಾಲಯದಲ್ಲಿ ಹೀಗೆ ತೆಗೆದ ಬರ್ಚ್ ನೂಲಿನ ಉಡುಪನ್ನು 2018ರ ಡಿಸೆಂಬರ್ 6ರಂದು, ಇಲ್ಲಿನ ಸ್ವಾತಂತ್ರ್ಯ ದಿನದ ಔತಣಕ್ಕೆ, ಆಗಿನ ಅಧ್ಯಕ್ಷರ ಪತ್ನಿ ಜೆನ್ನಿ ಹೌಕಿಯೊ ಉಟ್ಟಿದ್ದರು. ಕೈಯಲ್ಲಿ ಹಿಡಿದರೆ ಹತ್ತಿಗಿಂತ ನುಣುಪು, ನಿನ್ನ ರೇಷ್ಮೆ ಸೀರೆಯ ಸೆರಗು ನೆನಪಾಗುತ್ತದೆ.

ಪುಟ್ಟಿಗೆ ಚೂಯಿಂಗ್ ಗಮ್ ಕಳಿಸಿದ್ದೇನೆ. ಅದರ ಸಿಹಿ ಕ್ಸೈಲಿಟಾಲ್. ಈ ದೇಶದವರು ಅದನ್ನು ಬರ್ಚ್‌ನಲ್ಲಿ ಸೆಲ್ಯುಲೋಸ್ ಜೊತೆಗಿರುವ ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ಸಕ್ಕರೆ ಸರದಿಂದ ತೆಗೆಯುತ್ತಿದ್ದರು. ಹಲ್ಲಿಗೆ ಒಳ್ಳೆಯದು, ಆದರೆ ನಾಯಿಗೆ ವಿಷ. ಕರಿಯನ ಕೈಗೆಟುಕದ ಹಾಗೆ ಮೇಲಿಡು, ಮರೆಯಬೇಡ.

ಇನ್ನೊಂದು ಮಾತು. ಅಡಿಕೆ ಸಿಪ್ಪೆಯಲ್ಲೂ ಇದೇ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಇವೆ. ಲಿಗ್ನಿನ್ ಎಂಬ ಅಂಟು ಹಿಡಿದಿರುವುದರಿಂದಲೇ ರಸ್ತೆ ಬದಿಯ ರಾಶಿ ವರ್ಷವಾದರೂ ಕೊಳೆಯದೆ ಬಿದ್ದಿರುತ್ತದೆ. ಈ ಸಲ ಅಪ್ಪ ಎಲ್ಲವನ್ನೂ ಸುಟ್ಟುಬಿಡದಿರಲಿ. ಎರಡು ಚೀಲ ಚೆನ್ನಾಗಿ ಒಣಗಿಸಿ ಅಟ್ಟದ ಮೇಲೆ ಇಡಿಸು. ಮೇ ತಿಂಗಳಲ್ಲಿ ಬಂದಾಗ ಸ್ವಲ್ಪ ತೆಗೆದುಕೊಂಡು ಹೋಗಿ ಇಲ್ಲಿ ಕರಗಿಸಿ ನೋಡುತ್ತೇನೆ.

ನಿನ್ನ ಮಗ,
ರಾಘು